ಮಂತ್ರದ ನಿಯಮ ಯಾವ ಪುಟದಲ್ಲಿದೆ? ಒಂದು ಆಟದ ಎರಡು ಪುಸ್ತಕಗಳ ಪ್ರಕರಣ ಅಧ್ಯಯನ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ನಿಯಮಪುಸ್ತಕಕ್ಕೆ ಎರಡು ಕೆಲಸಗಳಿವೆ. ಆಟವೇ ಗೊತ್ತಿಲ್ಲದವರಿಗೆ ಅದು ಆಟ ಕಲಿಸಬೇಕು. ಆಟ ನಡೆಯುತ್ತಿರುವಾಗ ಅನುಮಾನ ಬಂದರೆ ಅರೆನಿಮಿಷದಲ್ಲಿ ಉತ್ತರವನ್ನೂ ಕೊಡಬೇಕು. ಹೆಚ್ಚಿನ ಪುಸ್ತಕಗಳು ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಎರಡರಲ್ಲೂ ಅರ್ಧಂಬರ್ಧ ಆಗುತ್ತವೆ. ಆದರೆ ದೋಷ ನಿಯಮದ್ದೋ ಪುಟವಿನ್ಯಾಸದ್ದೋ ಎಂದು ಬೇರ್ಪಡಿಸಿ ನೋಡುವುದು ಕಷ್ಟ, ಏಕೆಂದರೆ ಹೊಸ ಆವೃತ್ತಿ ಬಂದಾಗಲೆಲ್ಲ ನಿಯಮವೂ ವಿನ್ಯಾಸವೂ ಒಟ್ಟೊಟ್ಟಿಗೆ ಬದಲಾಗುತ್ತವೆ.

ಇದಕ್ಕೆ ಅಪವಾದವಾದ ಒಂದು ಪ್ರಕರಣವಿದೆ. 1981ರಲ್ಲಿ ಅಮೆರಿಕದ ಟಿಎಸ್‌ಆರ್ ಸಂಸ್ಥೆ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಟದ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಎಂಬ ಎರಡು ಪುಸ್ತಕಗಳನ್ನು ಹೊರತಂದಿತು. 2019ರಲ್ಲಿ ಗ್ಯಾವಿನ್ ನಾರ್ಮನ್ ಅವರ ನೆಕ್ರಾಟಿಕ್ ನೋಮ್ ಎಂಬ ಸಣ್ಣ ಪ್ರಕಾಶನ ಅದೇ ನಿಯಮಗಳನ್ನು ಬೇರೆ ವಾಕ್ಯಗಳಲ್ಲಿ, ಬೇರೆ ಜೋಡಣೆಯಲ್ಲಿ 'ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್' ಎಂಬ ಹೆಸರಿನಿಂದ ಪ್ರಕಟಿಸಿತು. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸ ಅದೇ, ದಾಳ ಅದೇ, ಸಾವೂ ಅದೇ. ಬದಲಾದದ್ದು ಪುಸ್ತಕ ಮಾತ್ರ. ಪುಟವಿನ್ಯಾಸದ ಪರಿಣಾಮವನ್ನು ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ರೆಫರಿ, ಈ ಆಟದಲ್ಲಿ ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನೆಲಮಾಳಿಗೆಯ ಜಗತ್ತು, ಅಲ್ಲಿನ ಭೂತ ಬೇತಾಳಗಳು ಎಲ್ಲವೂ ಅವರ ಕೈಯಲ್ಲಿ. ಉಳಿದವರಿಗೆ ಒಂದೊಂದು ಪಾತ್ರ: ಕತ್ತಿವರಸೆಯವನು, ಕಳ್ಳ, ಪಾದ್ರಿ, ಮಾಂತ್ರಿಕ. ಆಟಗಾರರು ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಫಲಿತಾಂಶ ಖಚಿತವಲ್ಲದ ಕಡೆ ದಾಳ ಉರುಳುತ್ತದೆ.

1981ಕ್ಕೆ ಮೊದಲು

ಆಟ ಹುಟ್ಟಿದ್ದು 1974ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೆಸರಿನಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಮೂರು ಕಿರುಹೊತ್ತಗೆಗಳು. ಯುದ್ಧದಾಟಗಳ ಪರಿಚಯ ಮೊದಲೇ ಇದ್ದವರಿಗಾಗಿ ಬರೆದ ಪುಸ್ತಕಗಳವು. ಕಾಳಗದ ನಿಯಮಕ್ಕೆ ಬೇರೆಯೇ ಒಂದು ಪುಸ್ತಕ ನಿಮ್ಮ ಬಳಿ ಇದೆ ಎಂದು ನಂಬಿಕೊಂಡಿದ್ದವು. ಅಮೆರಿಕದ ಇನ್ನೊಂದು ಮೂಲೆಯಲ್ಲಿ ಕೆನ್ ಸೇಂಟ್ ಆಂಡ್ರೆ ಎಂಬವರಿಗೆ ಇದನ್ನು ಓದಿ ಎಷ್ಟು ಗೊಂದಲವಾಯಿತೆಂದರೆ, ಮರುವರ್ಷವೇ ಅವರು ತಮ್ಮದೇ ಇನ್ನೊಂದು ಆಟ ಬರೆದು ಪ್ರಕಟಿಸಿದರು. ಅರ್ಥವಾಗದ ನಿಯಮಪುಸ್ತಕ ಹೊಸ ಆಟವನ್ನೇ ಹುಟ್ಟಿಸಿದ ಉದಾಹರಣೆ ಇದು.

1977ರಲ್ಲಿ ಎರಿಕ್ ಹೋಮ್ಸ್ ಎಂಬ ನರವಿಜ್ಞಾನದ ಪ್ರಾಧ್ಯಾಪಕರು ಆರಂಭಿಕರಿಗಾಗಿ ಒಂದು ಆವೃತ್ತಿಯನ್ನು ಸಂಪಾದಿಸಿಕೊಟ್ಟರು. ಅದೇ ಹೊತ್ತಿಗೆ ಗೈಗ್ಯಾಕ್ಸ್ ಬೇರೊಂದು ದಾರಿ ಹಿಡಿದು, 1977ರಿಂದ 1979ರ ನಡುವೆ 'ಅಡ್ವಾನ್ಸ್ಡ್' ಹೆಸರಿನ ಮೂರು ದಪ್ಪ ಸಂಪುಟಗಳನ್ನು ತಂದರು. ರೆಫರಿಗಾಗಿ ಬರೆದ ಮೂರನೆಯ ಸಂಪುಟ ಇಂದಿಗೂ ಓದಲು ಮಜವಾಗಿದೆ. ಆದರೆ ಆಟದ ನಡುವೆ ಅದರಲ್ಲಿ ಏನನ್ನಾದರೂ ಹುಡುಕಿ ನೋಡಿ, ಮಜಾ ಇಳಿಯುತ್ತದೆ. ಆಟಗಾರನ ಏಟು ಬಿತ್ತೇ ಇಲ್ಲವೇ ಎಂದು ಹೇಳುವ ಕೋಷ್ಟಕ ಆಟಗಾರರ ಪುಸ್ತಕದಲ್ಲಿರಲಿಲ್ಲ, ಇದ್ದದ್ದು ರೆಫರಿಯ ಪುಸ್ತಕದಲ್ಲಿ. ಯಾರು ಮೊದಲು ಏಟು ಹಾಕಬೇಕು ಎಂಬ ಒಂದೇ ಪ್ರಶ್ನೆಯ ಬಗ್ಗೆ ಅಭಿಮಾನಿಗಳು ನಾಲ್ಕು ದಶಕಗಳಿಂದ ವಾದಿಸುತ್ತಲೇ ಇದ್ದಾರೆ.

ಈ ಹಿನ್ನೆಲೆಯಲ್ಲಿ 1981ರ ಜೋಡಿ ಪುಸ್ತಕಗಳು ದೊಡ್ಡ ಹೆಜ್ಜೆ. ಬೇಸಿಕ್ ಅನ್ನು ಸಂಪಾದಿಸಿದವರು ಟಾಮ್ ಮೋಲ್ಡ್ವೇ. ಎಕ್ಸ್‌ಪರ್ಟ್ ಅನ್ನು ಸಿದ್ಧಪಡಿಸಿದವರು ಡೇವಿಡ್ ಕುಕ್, ಜೊತೆಗೆ ಸ್ಟೀವ್ ಮಾರ್ಷ್. ಒಂದೊಂದೂ 64 ಪುಟ. ಪಾತ್ರಗಳು ಅನುಭವ ಗಳಿಸುತ್ತಾ ಏರುವ ಹಂತಗಳಲ್ಲಿ 1ರಿಂದ 3 ಮೊದಲನೆಯದರಲ್ಲಿ, 4ರಿಂದ 14 ಎರಡನೆಯದರಲ್ಲಿ. ಹತ್ತು ವರ್ಷದ ಮಕ್ಕಳೂ ಓದಿ ಆಡಬಹುದಾದ ಭಾಷೆ. ವಿನ್ಯಾಸದ ಬಗ್ಗೆ ಯೋಚನೆಯೂ ನಡೆದಿತ್ತು: ಎರಡೂ ಪುಸ್ತಕಗಳ ವಿಭಾಗಗಳು ಒಂದೇ ಕ್ರಮದಲ್ಲಿವೆ, ಪುಟಸಂಖ್ಯೆಯ ಮುಂದೆ ಬಿ ಅಥವಾ ಎಕ್ಸ್ ಅಕ್ಷರವಿದೆ, ಹಾಳೆಗಳ ಅಂಚಿನಲ್ಲಿ ಫೈಲಿಗೆ ಹಾಕಲು ಮೂರು ತೂತುಗಳಿವೆ. ಎರಡನ್ನೂ ಬಿಡಿಸಿ, ಮಂತ್ರದ ಹಿಂದೆ ಮಂತ್ರ, ರಾಕ್ಷಸರ ಹಿಂದೆ ರಾಕ್ಷಸರು ಬರುವಂತೆ ಒಂದೇ ಫೈಲಿನಲ್ಲಿ ಜೋಡಿಸಿಕೊಳ್ಳಲಿ ಎಂಬುದು ಲೆಕ್ಕಾಚಾರ. ತನ್ನ ಪುಸ್ತಕವನ್ನು ಹರಿದು ಬಳಸಿ ಎಂದು ಓದುಗರಿಗೆ ಹೇಳುವ ಧೈರ್ಯ ಈಗಿನ ಪ್ರಕಾಶಕರಲ್ಲಿ ಎಷ್ಟು ಜನರಿಗಿದೆಯೋ!

ಮೇಜಿನ ಮೇಲೆ ನಡೆಯುವುದು

ಹಾಗಿದ್ದರೆ ತೊಂದರೆ ಎಲ್ಲಿ? ಒಂದು ಸಾಮಾನ್ಯ ಸನ್ನಿವೇಶವನ್ನು ತೆಗೆದುಕೊಂಡು ಹಂತಹಂತವಾಗಿ ನೋಡೋಣ.

ನಾಲ್ವರು ನೆಲಮಾಳಿಗೆಯ ಓಣಿಯಲ್ಲಿ ನಡೆಯುತ್ತಿದ್ದಾರೆ. ಇಲ್ಲಿ ಕಾಲವನ್ನು ಹತ್ತು ನಿಮಿಷದ 'ಟರ್ನ್'ಗಳಲ್ಲಿ ಲೆಕ್ಕ ಹಾಕುತ್ತಾರೆ. ಪಂಜು ಆರು ಟರ್ನ್ ಉರಿಯುತ್ತದೆ, ಲಾಂದ್ರ ಇಪ್ಪತ್ತನಾಲ್ಕು. ಈ ವಿವರಗಳೆಲ್ಲ ಬೇಸಿಕ್ ಪುಸ್ತಕದ ನಾಲ್ಕನೆಯ ವಿಭಾಗದಲ್ಲಿವೆ. ಎರಡು ಟರ್ನ್‌ಗಳಿಗೊಮ್ಮೆ ರೆಫರಿ ಆರು ಮುಖದ ದಾಳ ಹಾಕಬೇಕು. ಒಂದು ಬಿದ್ದರೆ ಅಲೆಮಾರಿ ರಾಕ್ಷಸರು ಎದುರಾಗುತ್ತಾರೆ. ಈ ನಿಯಮ ಎಂಟನೆಯ ವಿಭಾಗದಲ್ಲಿ, ರೆಫರಿಗೆ ಕೊಟ್ಟ ಸಲಹೆಗಳ ನಡುವೆ ಇದೆ. ಪಂಜಿನ ಲೆಕ್ಕವೂ ರಾಕ್ಷಸರ ದಾಳವೂ ಒಂದೇ ಗಡಿಯಾರಕ್ಕೆ ಕಟ್ಟಿದವು. ಪುಸ್ತಕದಲ್ಲಿ ಮಾತ್ರ ಅವುಗಳ ನಡುವೆ ಮೂವತ್ತಕ್ಕೂ ಹೆಚ್ಚು ಪುಟಗಳ ದೂರ. ಹೊಸ ರೆಫರಿಗಳು ಎರಡರಲ್ಲಿ ಒಂದನ್ನು ಮರೆಯುವುದು ವಾಡಿಕೆ. ಮರೆತರೆ ಆಟದ ಬಿಗಿಯೇ ಹೋಗುತ್ತದೆ, ಏಕೆಂದರೆ ಹೊತ್ತು ಕಳೆಯುವುದಕ್ಕೆ ಬೆಲೆಯೇ ಇಲ್ಲವಾಗುತ್ತದೆ.

ಅಂತೂ ದಾಳದಲ್ಲಿ ಒಂದು ಬಿತ್ತು, ಗಾಬ್ಲಿನ್‌ಗಳು ಬಂದವು ಎನ್ನಿ. ಯಾರಾದರೂ ಬೆಚ್ಚಿಬಿದ್ದರೇ ಎಂಬುದಕ್ಕೆ ಒಂದು ದಾಳ, ಅವುಗಳ ವರ್ತನೆ ಹೇಗಿದೆ ಎಂಬುದಕ್ಕೆ ಎರಡು ದಾಳ. ಮಾತು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಈಗ ಕಾಳಗ. ಮಾಂತ್ರಿಕಳ ಪಾತ್ರ ವಹಿಸಿದವರು, "ನಾನು ನಿದ್ರೆಯ ಮಂತ್ರ ಹಾಕುತ್ತೇನೆ" ಎನ್ನುತ್ತಾರೆ.

ಈ ಮಾತನ್ನು ಅವರು ಯಾವಾಗ ಹೇಳಬೇಕು? ಪ್ರಕರಣದ ತಿರುಳು ಇರುವುದು ಇಲ್ಲೇ.

ಬೇಸಿಕ್ ಪುಸ್ತಕದ ಕಾಳಗದ ಅಧ್ಯಾಯದಲ್ಲಿ ಒಂದು ಕ್ರಮಪಟ್ಟಿ ಇದೆ. ಎರಡೂ ಪಕ್ಷಗಳು ದಾಳ ಹಾಕಿ ಮೊದಲ ಸರದಿ ಯಾರದು ಎಂದು ನಿರ್ಧರಿಸಬೇಕು. ಗೆದ್ದ ಪಕ್ಷ ಅನುಕ್ರಮವಾಗಿ ಧೈರ್ಯಪರೀಕ್ಷೆ, ಚಲನೆ, ಬಾಣಪ್ರಯೋಗ, ಮಂತ್ರ, ಕೈಗೆ ಕೈ ಹೋರಾಟ ಇವಿಷ್ಟನ್ನು ಮುಗಿಸಬೇಕು. ಆಮೇಲೆ ಸೋತ ಪಕ್ಷ. ಪಟ್ಟಿ ಅಚ್ಚುಕಟ್ಟಾಗಿದೆ. ಅದರ ಪ್ರಕಾರ ಮಾಂತ್ರಿಕಳು ತನ್ನ ಪಕ್ಷದ ಸರದಿ ಬಂದಾಗ ಬಾಯಿ ತೆರೆದರೆ ಸಾಕು.

ಆದರೆ ಎಕ್ಸ್‌ಪರ್ಟ್ ಪುಸ್ತಕದ ಮಂತ್ರಗಳ ವಿಭಾಗದ ಆರಂಭದಲ್ಲಿ, ಮಂತ್ರಗಳ ಪಟ್ಟಿಗೆ ಮುನ್ನ ಬರುವ ಪೀಠಿಕೆಯಲ್ಲಿ, ಬೇರೆಯದೇ ಮಾತಿದೆ. ಯಾವ ಮಂತ್ರ ಎಂಬುದನ್ನು ಸರದಿಯ ದಾಳ ಹಾಕುವ ಮೊದಲೇ ರೆಫರಿಗೆ ತಿಳಿಸಬೇಕು. ಸರದಿ ಸೋತು, ಅಷ್ಟರಲ್ಲಿ ಏಟು ಬಿದ್ದರೆ ಮಂತ್ರ ಕೆಡುತ್ತದೆ. ಕೆಟ್ಟ ಮಂತ್ರ ಆ ದಿನದ ಮಟ್ಟಿಗೆ ಹೋದಂತೆಯೇ.

ಇದು ಕೂದಲು ಸೀಳುವ ಮಾತಲ್ಲ. ಮೊದಲ ಹಂತದ ಮಾಂತ್ರಿಕಳಿಗೆ ದಿನಕ್ಕೆ ಒಂದೇ ಮಂತ್ರ. ಜೀವಬಲ, ಅಂದರೆ ತಾಳಿಕೊಳ್ಳಬಲ್ಲ ಏಟಿನ ಲೆಕ್ಕ, ಸಾಮಾನ್ಯವಾಗಿ ನಾಲ್ಕರೊಳಗೆ. ನಿದ್ರೆಯ ಮಂತ್ರ ಫಲಿಸಿದರೆ ಗಾಬ್ಲಿನ್ ಗುಂಪು ನಿಂತಲ್ಲೇ ಉರುಳುತ್ತದೆ, ಕೆಟ್ಟರೆ ಅವಳ ಕೈಯಲ್ಲಿ ಒಂದು ಚೂರಿ ಉಳಿಯುತ್ತದೆ. ನಿಯಮ ಗೊತ್ತಿರುವ ತಂಡದಲ್ಲಿ ಮಾಂತ್ರಿಕ ಎಂದರೆ ಜೂಜು. ಗೊತ್ತಿಲ್ಲದ ತಂಡದಲ್ಲಿ ಮಾಂತ್ರಿಕ ಎಂದರೆ ಫಿರಂಗಿ. ಎರಡು ಬೇರೆ ಆಟಗಳು! ಅವುಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಒಂದು ಪ್ಯಾರಾ ಎಲ್ಲಿ ಅಚ್ಚಾಗಿದೆ ಎಂಬುದು ಮಾತ್ರ.

ಕುಕ್ ಅವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಮಂತ್ರದ ನಿಯಮವನ್ನು ಮಂತ್ರದ ವಿಭಾಗದಲ್ಲಿ ಇಡುವುದು ಪಠ್ಯಪುಸ್ತಕದ ತರ್ಕ. ಓದುವವರಿಗೆ ಅದು ಸರಿಯಾದ ಜಾಗವೇ. ಆದರೆ ಕಾಳಗದ ನಡುವೆ ಪುಸ್ತಕ ಎತ್ತಿಕೊಂಡ ರೆಫರಿ ಕಾಳಗದ ಪುಟವನ್ನು ತೆರೆಯುತ್ತಾರೆ, ಮಂತ್ರಗಳ ಪೀಠಿಕೆಯನ್ನಲ್ಲ. 1981ರ ಪುಸ್ತಕ ನಿಯಮಗಳನ್ನು ವಿಷಯಕ್ಕೆ ತಕ್ಕಂತೆ ಜೋಡಿಸಿತ್ತು. ಮೇಜಿಗೆ ಬೇಕಿದ್ದದ್ದು ಸಂದರ್ಭಕ್ಕೆ ತಕ್ಕ ಜೋಡಣೆ. ಪಂಚಾಂಗವನ್ನು ಯಾರೂ ಮೊದಲ ಪುಟದಿಂದ ಓದುತ್ತಾ ಹೋಗುವುದಿಲ್ಲ. ಇವತ್ತಿನ ಪುಟ ತೆರೆದರೆ ತಿಥಿ, ನಕ್ಷತ್ರ, ರಾಹುಕಾಲ ಒಂದೇ ಕಡೆ ಸಿಗಬೇಕು. ತಿಥಿಗಳಿಗೆಲ್ಲ ಒಂದು ಅಧ್ಯಾಯ, ರಾಹುಕಾಲಗಳಿಗೆಲ್ಲ ಇನ್ನೊಂದು ಎಂದು ಅಚ್ಚು ಹಾಕಿದರೆ ಕೊಳ್ಳುವವರು ಯಾರು?

ಇನ್ನೊಂದು ಚಿಕ್ಕ ಉದಾಹರಣೆ. ಗಾಬ್ಲಿನ್ ಒಂದು ಮಾಟದಿಂದ ತಪ್ಪಿಸಿಕೊಂಡಿತೇ ಎಂದು ನೋಡಲು 'ಸೇವಿಂಗ್ ಥ್ರೋ' ಎಂಬ ದಾಳ ಹಾಕಬೇಕು. 1981ರ ಪುಸ್ತಕದಲ್ಲಿ ಗಾಬ್ಲಿನ್ ವಿವರದ ಕೆಳಗೆ 'ಸಾಮಾನ್ಯ ಮನುಷ್ಯನಂತೆ' ಎಂದಿದೆ. ಸಾಮಾನ್ಯ ಮನುಷ್ಯನ ಸಂಖ್ಯೆ ಎಷ್ಟು? ಅದಕ್ಕೆ ಹಿಂದಿನ ವಿಭಾಗದ ಕೋಷ್ಟಕಕ್ಕೆ ಹೋಗಬೇಕು. 2019ರ ಪುಸ್ತಕ ಗಾಬ್ಲಿನ್ ಸಾಲಿನಲ್ಲೇ, ಐದು ಬಗೆಯ ಅಪಾಯಗಳಿಗೆ ಒಂದೊಂದರಂತೆ, 14, 15, 16, 17, 18 ಎಂದು ಐದೂ ಸಂಖ್ಯೆಗಳನ್ನು ಅಚ್ಚು ಹಾಕಿದೆ. ಪ್ರತಿ ರಾಕ್ಷಸನಿಗೂ ಹೀಗೆಯೇ. ಒಂದೇ ಮಾಹಿತಿಯನ್ನು ಪದೇಪದೇ ಅಚ್ಚು ಹಾಕುವುದು ಸಂಪಾದಕರಿಗೆ ಮುಜುಗರ ತರುವ ಸಂಗತಿ. ರೆಫರಿಗೆ ಮಾತ್ರ ಅದು ವರ.

ನಾರ್ಮನ್ ಮಾಡಿದ್ದು

ಅಮೆರಿಕದ ಕಾನೂನಿನಲ್ಲಿ ಆಟವಾಡುವ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಬರೆದ ವಾಕ್ಯಗಳಿಗೆ ಇದೆ. 1997ರಲ್ಲಿ ಟಿಎಸ್‌ಆರ್ ಅನ್ನು ಕೊಂಡ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ, ಆಟದ ನಿಯಮಗಳ ಪಠ್ಯವನ್ನು ಇತರರೂ ಬಳಸಬಹುದೆಂಬ ಮುಕ್ತ ಪರವಾನಗಿಯೊಂದನ್ನು 2000ದಲ್ಲಿ ಬಿಡುಗಡೆ ಮಾಡಿತು. ಅದರ ಆಸರೆಯಲ್ಲಿ ಹಳೆಯ ಆವೃತ್ತಿಗಳನ್ನು ಮರಳಿ ಬರೆಯುವವರ ಸಾಲೇ ಹುಟ್ಟಿಕೊಂಡಿತು. ಡೇನಿಯಲ್ ಪ್ರಾಕ್ಟರ್ ಅವರು 2007ರಲ್ಲಿ ಇದೇ 1981ರ ಆಟವನ್ನು 'ಲ್ಯಾಬಿರಿಂತ್ ಲಾರ್ಡ್' ಎಂದು ಮರಳಿ ಬರೆದಿದ್ದರು. ಅವರಿಗೆ ಆಟವನ್ನು ಉಳಿಸುವುದು ಮುಖ್ಯವಾಗಿತ್ತು. ನಾರ್ಮನ್ ಹೊತ್ತಿಗೆ ಆಟ ಉಳಿದಾಗಿತ್ತು; ಹಾಗಾಗಿ ಅವರು ಪುಟದ ಕಡೆ ಗಮನ ಕೊಡಲು ಸಾಧ್ಯವಾಯಿತು.

ನನ್ನ ಅಭಿಪ್ರಾಯದಲ್ಲಿ ಆ ಪುಸ್ತಕದ ಸ್ಪಷ್ಟತೆಗೆ ಅರ್ಧ ಶ್ರೇಯಸ್ಸು ಹಕ್ಕುಸ್ವಾಮ್ಯದ ಕಾನೂನಿಗೇ ಸಲ್ಲಬೇಕು. ಒಂದು ವಾಕ್ಯವನ್ನೂ ನಕಲು ಮಾಡುವಂತಿಲ್ಲ ಎಂದಾಗ, ಪ್ರತಿ ಪ್ಯಾರಾದ ಮುಂದೆ ಕುಳಿತು 'ಇದರಲ್ಲಿ ನಿಯಮ ಎಷ್ಟು, ಮಾತು ಎಷ್ಟು?' ಎಂದು ಬಿಡಿಸಲೇಬೇಕಾಗುತ್ತದೆ. ಹಾಗೆ ಬಿಡಿಸಿದ ಮೇಲೆ ನಿಯಮವನ್ನು ಹಳೆಯ ಜಾಗದಲ್ಲೇ ಇಡಬೇಕೆಂಬ ಹಂಗಿಲ್ಲ.

ಮುಖ್ಯ ನಿರ್ಧಾರ ಒಂದೇ: ಪುಸ್ತಕದ ಅಳತೆಗೋಲು ಪುಟವಲ್ಲ, ತೆರೆದಿಟ್ಟಾಗ ಕಾಣುವ ಎದುರುಬದುರು ಪುಟಗಳ ಜೋಡಿ. ಒಂದು ಸಂದರ್ಭಕ್ಕೆ ಬೇಕಾದದ್ದು ಸಾಧ್ಯವಾದಷ್ಟೂ ಆ ಜೋಡಿಯೊಳಗೇ ಮುಗಿಯಬೇಕು. ಒಂದು ಪಾತ್ರವರ್ಗಕ್ಕೆ ಒಂದು ಜೋಡಿ. ಕಾಳಗಕ್ಕೆ ಒಂದು. ನೆಲಮಾಳಿಗೆಯ ಟರ್ನ್‌ನ ಕ್ರಮಪಟ್ಟಿಯಲ್ಲಿ ಅಲೆಮಾರಿ ರಾಕ್ಷಸರ ದಾಳವೇ ಮೊದಲ ಹಂತ. ಎಂಟನೆಯ ವಿಭಾಗದಿಂದ ಅದು ಮನೆಗೆ ಬಂದಿದೆ. ಕಾಳಗದ ಪಟ್ಟಿಯ ಮೊದಲ ಸಾಲೇ ಮಂತ್ರ ಮತ್ತು ಹಿಮ್ಮೆಟ್ಟುವಿಕೆಯ ಘೋಷಣೆ, ಆಮೇಲೆ ಸರದಿಯ ದಾಳ. ನಾಲ್ಕು ದಶಕಗಳ ವಾದಕ್ಕೆ ಕಾರಣವಾಗಬಹುದಾದದ್ದನ್ನು ಒಂದೇ ಸಾಲು ಮುಗಿಸಿಬಿಟ್ಟಿದೆ.

ವಾಕ್ಯಗಳೂ ಮೊಟಕಾದವು. ಪ್ರತಿ ಅಂಶದ ತಲೆಯಲ್ಲಿ ದಪ್ಪಕ್ಷರದ ಒಂದೆರಡು ಪದ, ಅದರ ಮುಂದೆ ಒಂದೇ ಮಾತಿನ ನಿಯಮ. ಹುಡುಕುವ ಕಣ್ಣು ದಪ್ಪಕ್ಷರಗಳ ಮೇಲೆ ಮಾತ್ರ ಜಾರಿಕೊಂಡು ಹೋಗಬಹುದು. ರಕ್ಷಾಕವಚದ ಸಂಖ್ಯೆಯ ವಿಷಯದಲ್ಲೂ ಒಂದು ಜಾಣ ರಾಜಿ ಇದೆ. ಹಳೆಯ ಪದ್ಧತಿಯಲ್ಲಿ ಸಂಖ್ಯೆ ಇಳಿದಷ್ಟೂ ಕವಚ ಗಟ್ಟಿ, ಹೊಸ ಪದ್ಧತಿಯಲ್ಲಿ ಏರಿದಷ್ಟೂ ಗಟ್ಟಿ. ಪುಸ್ತಕ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತದೆ: 6, ಅದರ ಪಕ್ಕ ಚೌಕಾವರಣದೊಳಗೆ 13. ನೋಡಲು ಸ್ವಲ್ಪ ಗಿಜಿಗಿಜಿ. ಆದರೆ ಯಾವ ಪಂಗಡದವರೂ ಪುಸ್ತಕ ಎಸೆಯುವಂತಿಲ್ಲ.

ಇಷ್ಟೆಲ್ಲ ಖಾಲಿ ಜಾಗ ಬಿಟ್ಟು, ಸಂಖ್ಯೆಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿದರೆ ಪುಸ್ತಕ ಊದಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಒಂದೇ ಸಂಪುಟದ ಆವೃತ್ತಿ ಸುಮಾರು ಮುನ್ನೂರು ಪುಟಗಳದ್ದು. ಹಳೆಯ ಎರಡೂ ಸೇರಿ 128. ಆದರೆ ಹೊಸದು ಎ5 ಅಳತೆಯದು, ಹಳೆಯದು ಅಮೆರಿಕದ ಲೆಟರ್ ಅಳತೆಯದು. ಎ5 ಹಾಳೆಯ ವಿಸ್ತೀರ್ಣ ಲೆಟರ್‌ನ ಅರ್ಧಕ್ಕಿಂತ ಕೂದಲೆಳೆ ಹೆಚ್ಚು. ಲೆಕ್ಕ ಹಾಕಿದರೆ ಮುನ್ನೂರು ಸಣ್ಣ ಪುಟಗಳು ಸುಮಾರು ನೂರೈವತ್ತೈದು ದೊಡ್ಡ ಪುಟಗಳಿಗೆ ಸಮ. ಅಂದರೆ ಐದನೇ ಒಂದು ಭಾಗದಷ್ಟು ಹೆಚ್ಚುವರಿ ಕಾಗದ. ಸಣ್ಣ ಪುಸ್ತಕ ದಾಳ, ನಕ್ಷೆ, ಚಹಾ ಲೋಟಗಳ ನಡುವೆ ತೆರೆದೇ ಇರುತ್ತದೆ ಎಂಬುದನ್ನೂ ಸೇರಿಸಿದರೆ ಇದು ಅಗ್ಗದ ವ್ಯಾಪಾರ.

ತೆತ್ತ ಬೆಲೆ

ಇಲ್ಲಿಯವರೆಗಿನದನ್ನು ಓದಿದವರಿಗೆ ಹೊಸ ಪುಸ್ತಕ ಎಲ್ಲ ರೀತಿಯಿಂದಲೂ ಮೇಲು ಅನ್ನಿಸಬಹುದು. ಅಭಿಮಾನಿಗಳಲ್ಲಿ ಅನೇಕರು ಹಾಗೆಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಮೋಲ್ಡ್ವೇ ಅವರ ಪುಸ್ತಕದಲ್ಲಿ ಮಾರ್ಗನ್ ಐರನ್‌ವುಲ್ಫ್ ಎಂಬ ಯೋಧೆ ಇದ್ದಾಳೆ. ಅವಳ ಪಾತ್ರ ಹೇಗೆ ಸೃಷ್ಟಿಯಾಯಿತು, ಯಾವ ದಾಳ ಎಷ್ಟು ಬಿತ್ತು, ಹಣದಲ್ಲಿ ಏನೇನು ಕೊಂಡಳು ಎಂಬುದನ್ನು ಪುಸ್ತಕ ಬೆರಳು ಹಿಡಿದು ತೋರಿಸುತ್ತದೆ. ಮುಂದೆ ರೆಫರಿಯ ವಿಭಾಗದ ಆಟದ ಮಾದರಿಯಲ್ಲಿ ಅವಳೇ ತಂಡದ ವಕ್ತಾರೆ. ಬ್ಲ್ಯಾಕ್ ಡೂಗಲ್ ಎಂಬ ಕಳ್ಳ ಪೆಟ್ಟಿಗೆಯೊಂದನ್ನು ಮುಟ್ಟಿ ವಿಷಸೂಜಿಯಿಂದ ಸಾಯುತ್ತಾನೆ. ಪಾತ್ರಗಳು ಹೀಗೆ ಥಟ್ಟನೆ ಸಾಯಬಹುದು, ಸತ್ತರೂ ಆಟ ಮುಂದುವರಿಯುತ್ತದೆ ಎಂಬುದನ್ನು ಯಾವ ನಿಯಮವೂ ಅಷ್ಟು ಚೆನ್ನಾಗಿ ಕಲಿಸಲಾರದು. ಪಾಳುಕೋಟೆಯೊಂದನ್ನು ಕಟ್ಟುತ್ತಾ ನೆಲಮಾಳಿಗೆಯನ್ನು ರಚಿಸುವ ಬಗೆಯನ್ನೂ ಅವರು ಹಂತಹಂತವಾಗಿ ವಿವರಿಸುತ್ತಾರೆ. ರೆಫರಿ ನಡೆಸಿದ ಆಟವನ್ನು ಜೀವನದಲ್ಲಿ ಒಮ್ಮೆಯೂ ನೋಡದ ಹುಡುಗನೂ ಈ ಪುಸ್ತಕ ಓದಿ ಅದೇ ವಾರ ಗೆಳೆಯರನ್ನು ಕೂರಿಸಿಕೊಂಡು ಆಟ ನಡೆಸಬಲ್ಲ.

2019ರ ಪುಸ್ತಕದಿಂದ ಅದು ಸಾಧ್ಯವಿಲ್ಲವೆಂದಲ್ಲ, ಕಷ್ಟ. ಅದು ನಿಮಗೆ ಆಟ ಗೊತ್ತಿದೆ ಎಂದು ನಂಬಿ ಮಾತಾಡುತ್ತದೆ. ನಿಯಮವನ್ನು ಬಿಡಿಸುವಾಗ 'ಮಾತು' ಎಂದು ಕಳಚಿ ಹಾಕಿದ್ದರಲ್ಲಿ ಬರೀ ಹೊಟ್ಟಿರಲಿಲ್ಲ, ಕಾರಣಗಳೂ ಇದ್ದವು. ರಾಕ್ಷಸರ ವಿವರದಲ್ಲೂ ಇದೇ ಕಥೆ. 1981ರಲ್ಲಿ ಒಂದೊಂದು ಅಂಶವೂ ಪೂರ್ಣ ಪದದಲ್ಲಿ, ಒಂದರ ಕೆಳಗೊಂದು. ಹೊಸದರಲ್ಲಿ ಒಂದೆರಡು ಅಕ್ಷರಗಳ ಸಂಕೇತಗಳ ಸಾಲು. ಪಳಗಿದ ಕಣ್ಣಿಗೆ ಅದು ಒಂದು ನೋಟದ ಕೆಲಸ. ಮೊದಲ ಸಲ ನೋಡುವವರಿಗೆ ಔಷಧಿ ಚೀಟಿ.

ಎದುರುಬದುರು ಪುಟಗಳ ಶಿಸ್ತಿಗೂ ತನ್ನದೇ ಹಠವಿದೆ. ಹೇಳಲು ಹೆಚ್ಚೇನೂ ಇಲ್ಲದ ಪಾತ್ರವರ್ಗಕ್ಕೂ ಎರಡು ಪುಟ, ಸಿಕ್ಕುಸಿಕ್ಕಾದುದಕ್ಕೂ ಎರಡೇ ಪುಟ. ಎಲ್ಲವೂ ಸಮತೂಕದ್ದಾಗಿ ಕಾಣುವಾಗ, ಯಾವುದು ಆಟದ ಬೆನ್ನುಮೂಳೆ, ಯಾವುದು ಅಲಂಕಾರ ಎಂಬ ಸೂಚನೆ ಪುಟದಿಂದ ಸಿಗುವುದಿಲ್ಲ. ಮೋಲ್ಡ್ವೇ ಎಲ್ಲಿ ನಿಧಾನಿಸುತ್ತಾರೋ ಅಲ್ಲಿ ಗಮನ ಕೊಡಬೇಕೆಂದು ಓದುಗರಿಗೆ ತಾನಾಗಿಯೇ ತಿಳಿಯುತ್ತಿತ್ತು.

ಬೇರೆಯವರು ಈ ಗಂಟನ್ನು ಬೇರೆ ರೀತಿ ಬಿಚ್ಚಿದ್ದಾರೆ. ಸ್ವೀಡನ್ನಿನ 'ಮಾರ್ಕ್ ಬೋರ್ಗ್' ಎಂಬ ಆಟದ ಪುಸ್ತಕವನ್ನು ವಿನ್ಯಾಸಗೊಳಿಸಿದ ಯೋಹಾನ್ ನೋರ್, ಹಳದಿ, ಕಪ್ಪು, ಚೀರುವ ಅಕ್ಷರಗಳಿಂದ ಪುಟಗಳನ್ನು ತುಂಬಿದ್ದಾರೆ. ಅದರಲ್ಲಿ ಹುಡುಕುವುದು ಕಷ್ಟವೆಂದು ಬಲ್ಲ ಪ್ರಕಾಶಕರು ಅದೇ ನಿಯಮಗಳ ಸಾದಾ ಅಚ್ಚಿನ ಆವೃತ್ತಿಯನ್ನು ಉಚಿತವಾಗಿ ಕೊಡುತ್ತಾರೆ. ಒಂದು ಪುಸ್ತಕ ಹುಚ್ಚು ಹಿಡಿಸಲು, ಇನ್ನೊಂದು ಮೇಜಿಗೆ. ಷಾನ್ ಮೆಕಾಯ್ ಅವರ 'ಮದರ್‌ಶಿಪ್'ನಲ್ಲಿ ಪಾತ್ರ ಸೃಷ್ಟಿಸುವ ಹಂತಗಳು ಬಾಣದ ಗುರುತುಗಳೊಂದಿಗೆ ಪಾತ್ರದ ಹಾಳೆಯ ಮೇಲೆಯೇ ಅಚ್ಚಾಗಿವೆ. ಹಾಳೆ ತುಂಬುತ್ತಾ ಹೋದರೆ ಕಲಿಕೆಯೂ ಆಗುತ್ತದೆ. ಎರಡೂ ಕಡೆ ಒಪ್ಪಿಕೊಂಡ ಸತ್ಯ ಒಂದೇ: ಕಲಿಸುವ ಕೆಲಸ, ಹುಡುಕಿಕೊಡುವ ಕೆಲಸ ಎರಡನ್ನೂ ಒಂದೇ ಪುಟದ ಮೇಲೆ ಹೊರಿಸಬೇಕಾಗಿಲ್ಲ.

ಎಸೆನ್ಷಿಯಲ್ಸ್ ಸರಣಿಯೂ ಮುಂದೆ ವಿಭಜನೆಯ ದಾರಿ ಹಿಡಿಯಿತು. ಅದರ 'ಅಡ್ವಾನ್ಸ್ಡ್ ಫ್ಯಾಂಟಸಿ' ಆವೃತ್ತಿಯಲ್ಲಿ ಆಟಗಾರರಿಗೊಂದು ಸಂಪುಟ, ರೆಫರಿಗೊಂದು ಸಂಪುಟ. ಇದು ಯಾರು ಹುಡುಕುತ್ತಾರೆ ಎಂಬುದರ ಮೇಲಿನ ವಿಭಜನೆ. ಯಾವಾಗ ಓದುತ್ತಾರೆ ಎಂಬುದರ ಮೇಲಿನ ವಿಭಜನೆ, ಅಂದರೆ ಆಟಕ್ಕೆ ಮುಂಚಿನ ಪುಸ್ತಕ ಮತ್ತು ಆಟದ ನಡುವಿನ ಪುಸ್ತಕ ಎಂಬುದು, ಅಲ್ಲಿ ಇಲ್ಲ.

ಹೊಸಬರು ರೆಫರಿಯಾಗಬೇಕೆಂದು ಕೇಳಿದರೆ ನಾನು ಹೇಳುವುದು ಹೀಗೆ. 1981ರ ಬೇಸಿಕ್ ಪುಸ್ತಕ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಅದನ್ನು ಮನೆಯಲ್ಲಿ ಕಾದಂಬರಿಯಂತೆ ಓದಿ, ರೆಫರಿಯ ವಿಭಾಗವನ್ನು ಎರಡು ಸಲ ಓದಿ. ಆಟದ ದಿನ ಅದನ್ನು ತರಬೇಡಿ. ಮೇಜಿನ ಮೇಲೆ ನಾರ್ಮನ್ ಅವರ ಪುಸ್ತಕ ಇರಲಿ, ಕಾಳಗದ ಪುಟಕ್ಕೆ ಒಂದು ಗುರುತುಚೀಟಿ ಅಂಟಿಸಿರಿ. ಮಾಂತ್ರಿಕಳ ಆಟಗಾರರಿಗೆ ಘೋಷಣೆಯ ನಿಯಮವನ್ನು ಮೊದಲ ಕಾಳಗಕ್ಕೆ ಮುಂಚೆಯೇ ಬಾಯಲ್ಲಿ ಹೇಳಿಬಿಡಿ.